ಬೀಳೋದನ್ನ ಕಲಿಸಿದವರಿಗೆ

ಹುಬ್ಬಳ್ಳಿ-ಧಾರವಾಡದ ನಮ್ಮ ರಗ್ಬಿ ಮಕ್ಕಳು ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಬೀಳಿಸೋದು, ಕಲಿಯೋಕೆ ಶುರು ಮಾಡಿ ಈ ತಿಂಗಳಿಗೆ ಎರಡು ವರ್ಷ ತುಂಬಿತು. ಒಬ್ಬರಿಗೂ ಗೋಣಿಗೆ ಪೆಟ್ಟಾಗಿಲ್ಲ, ಒಬ್ಬರ ಕಾಲರ್ ಬೋನೂ ಮುರಿದಿಲ್ಲ. ಗೆದ್ದ ಪಂದ್ಯಗಳ ಲೆಕ್ಕಕ್ಕಿಂತ ಈ ಲೆಕ್ಕ ನಮಗೆ ದೊಡ್ಡದು. ಇದಕ್ಕೆ ಕಾರಣರಾದವರಿಗೆ ಎಲ್ಲರ ಎದುರಿಗೆ ಕೈಮುಗಿಯಬೇಕು, ಅದಕ್ಕೇ ಈ ಬರಹ.

ಯಾಕೆ ದೊಡ್ಡದು ಅಂತ ಮೊದಲು ಹೇಳಿಬಿಡ್ತೇವೆ. ರಗ್ಬಿ ಯೂನಿಯನ್, ಅಂದರೆ ಹದಿನೈದು ಜನರ ರಗ್ಬಿ, ಸಂಬಳದ ಆಟವಾಗಿದ್ದು 1995ರ ಆಗಸ್ಟ್‌ನಲ್ಲಿ. ಅವತ್ತಿನಿಂದ ಆಟಗಾರರು ಇನ್ನಷ್ಟು ದಪ್ಪಗಾದರು, ವೇಗ ಹೆಚ್ಚಾಯ್ತು, ಡಿಕ್ಕಿಯೂ ಜೋರಾಯ್ತು. ಅದನ್ನೂ ತಾಳಿಕೊಂಡು ವೇಲ್ಸ್‌ನ ಅಲುನ್ ವಿನ್ ಜೋನ್ಸ್ ತಮ್ಮ ದೇಶಕ್ಕೆ 158, ಬ್ರಿಟನ್-ಐರ್ಲೆಂಡ್‌ನ ಆಯ್ದ ಆಟಗಾರರ ಲಯನ್ಸ್ ತಂಡಕ್ಕೆ 12, ಒಟ್ಟು 170 ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿದರು. 2006ರಲ್ಲಿ ಶುರುವಾದ ಆಟ 2023ರವರೆಗೂ ನಡೀತು. ಆದರೆ ಅದೇ ವೇಲ್ಸ್‌ನ ನಾಯಕರಾಗಿದ್ದ ಸ್ಯಾಮ್ ವಾರ್ಬರ್ಟನ್ ಗೋಣು ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆಗಳ ನಂತರ 2018ರಲ್ಲಿ, ಬರೀ 29ನೇ ವಯಸ್ಸಿಗೆ, ಆಟ ಬಿಟ್ಟರು. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಆಟಗಾರ ಸ್ಟೀವ್ ಥಾಮ್ಸನ್‌ಗೆ ನಲವತ್ತರ ಆಸುಪಾಸಿನಲ್ಲೇ ಮರೆವಿನ ಕಾಯಿಲೆ. ಆ ಕಪ್ ಗೆದ್ದದ್ದೇ ನೆನಪಿಲ್ಲ ಅಂತ ಅವರು ಬಹಿರಂಗವಾಗಿ ಹೇಳಿಕೊಂಡರು. ಅದನ್ನು ಮುಚ್ಚಿಡದೆ ಹೇಳಿದ ಥಾಮ್ಸನ್ ಅವರಿಗೆ ನಮ್ಮ ಮೊದಲ ಧನ್ಯವಾದ. ಮಕ್ಕಳ ತಲೆಯ ಬಗ್ಗೆ ಹಟ ಹಿಡಿಯೋ ಧೈರ್ಯ ನಮಗೆ ಬಂದದ್ದು ಅಂಥವರಿಂದ.

ಎರಡನೇದು, ಧಾರವಾಡದ ಗರಡಿಮನಿಯ ವಸ್ತಾದರಿಗೆ. ಇದು ಎರಡನೇದು ಅಂತ ಬರೆದರೂ ತೂಕದಲ್ಲಿ ಮೊದಲನೇದು. ಚೆಂಡು ಮುಟ್ಟೋಕೂ ಮೊದಲು ಆರು ವಾರ ಮಕ್ಕಳು ಅವರ ಕೆಂಪು ಮಣ್ಣಿನ ಮೇಲೆ ಬೀಳೋದನ್ನಷ್ಟೇ ಕಲಿತರು. ಬೀಳುವಾಗ ಕೈ ಚಾಚಬಾರದು. ಚಾಚಿದರೆ ಮೈಭಾರ ಮಣಿಕಟ್ಟಿನಿಂದ ಹತ್ತಿ ಕಾಲರ್ ಬೋನ್ ಮುರಿಯುತ್ತೆ. ಗದ್ದ ಎದೆಗೆ ಒತ್ತಿರಬೇಕು, ಚೆಂಡನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿರಬೇಕು. ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಭುಜ, ಈ ಸಾಲಿನಲ್ಲಿ ನೆಲ ಮುಟ್ಟಬೇಕು. ಕುಸ್ತಿಯ ಹುಡುಗರಿಗೆ ಇಲ್ಲಿ ಒಂದು ತೊಡಕಿತ್ತು. ಬೆನ್ನು ಮಣ್ಣಿಗೆ ತಾಗಿದರೆ ಚಿತ್ ಅನ್ನೋ ಭಯಕ್ಕೆ ಅವರು ಬೋರಲಾಗೇ ಬೀಳ್ತಾರೆ, ಚೆಂಡು ಹೊಟ್ಟೆ ಕೆಳಗೆ ಸಿಕ್ಕಿಕೊಳ್ಳುತ್ತೆ. ರಗ್ಬಿಯಲ್ಲಿ ಹಾಗೆ ಚೆಂಡು ಬಚ್ಚಿಟ್ಟರೆ ಪೆನಾಲ್ಟಿ. ಬಿದ್ದ ಕೂಡಲೇ ಪಕ್ಕಕ್ಕೆ ಹೊರಳಿ, ಕೈ ನೀಡಿ, ಚೆಂಡನ್ನು ನಮ್ಮವರ ಕಡೆ ಇಡಬೇಕು. ಇಡೀ ಜೀವನ ಕಲಿಸಿದ್ದರ ತಿರುಗಾಮುರುಗಾ ಇದು ಅಂತ ಗೊತ್ತಿದ್ದೂ ವಸ್ತಾದರು ಒಂದು ಮಾತು ಬೇಸರಿಸದೆ ಅದನ್ನೇ ತಿದ್ದಿ ತಿದ್ದಿ ಮಾಡಿಸಿದರು.

ಗೋಣಿನ ಕಸರತ್ತೂ ಅವರದೇ ಮೇಲ್ವಿಚಾರಣೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಅಂಗೈ ಒತ್ತಿ, ತಲೆ ಅಲುಗದಂತೆ ಹತ್ತು ಎಣಿಸೋವರೆಗೆ ತಡೆಯೋದು. ಪ್ರತಿ ಬದಿಗೆ ಮೂರು ಸಲ, ಅಷ್ಟೇ. ನೆತ್ತಿ ಊರಿ ಸೇತುವೆ ಹಾಕೋದನ್ನು ಸಣ್ಣ ಮಕ್ಕಳಿಗೆ ಅವರೇ ಬೇಡ ಅಂದರು. ಇದರ ಜೊತೆಗೆ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿ ಪುಕ್ಕಟೆ ಕೊಡುವ 'ಆಕ್ಟಿವೇಟ್' ಕಸರತ್ತನ್ನು ಸುಮಾರು ಇಪ್ಪತ್ತು ನಿಮಿಷ ಮಾಡಿಸ್ತೇವೆ. ಇಂಗ್ಲೆಂಡ್‌ನ ಶಾಲಾ ಹುಡುಗರ ಮೇಲೆ ಬಾತ್ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ಸಲ ಇದನ್ನು ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು ಶೇ. 72ರಷ್ಟು, ತಲೆಪೆಟ್ಟು ಶೇ. 59ರಷ್ಟು ಕಡಿಮೆ ಇದ್ದವು. ವಾರಕ್ಕೆ ಒಂದೇ ದಿನ ಮಾಡಿ ಉಳಿದದ್ದನ್ನು ಬಿಟ್ಟರೆ ಈ ಫಲ ಕೇಳೋ ಹಾಗಿಲ್ಲ.

ಕಬಡ್ಡಿ ಕಲಿಸಿದ ಮಾಸ್ತರರಿಗೂ ಋಣಿ. ತೊಡೆ ಹಿಡಿಯೋ ಡಿಫೆಂಡರ್ ಅರ್ಧ ಟ್ಯಾಕಲ್ ಕಲಿತೇ ಬಂದಿರ್ತಾನೆ. ಉಳಿದ ಅರ್ಧ ಮಾತ್ರ ಹೊಸದು, ಅಪಾಯ ಇರೋದೂ ಅಲ್ಲೇ. ಕಾಲು ಹಿಡಿಯೋಕೆ ಡೈವ್ ಹೊಡೆದವನ ಕಣ್ಣು ನೆಲ ನೋಡ್ತಿರುತ್ತೆ, ಗೋಣು ಬಗ್ಗಿರುತ್ತೆ, ಓಡಿ ಬರುವವನ ಮೊಣಕಾಲು ನೇರ ನೆತ್ತಿಗೆ. ಅದಕ್ಕೆ ನಾವು ಹಿಡಿದ ಕ್ರಮ ಹೀಗಿದೆ: ಮೊದಲು ಇಬ್ಬರೂ ಮೊಣಕಾಲೂರಿ, ಆಮೇಲೆ ಹಿಡಿಯುವವನು ಮಾತ್ರ ಊರಿ, ಆಮೇಲೆ ಇಬ್ಬರೂ ನಡೆದು, ಕೊನೆಗೆ ಸಾವಕಾಶ ಓಡಿ. ಯಾವ ಭುಜ ತಾಗಬೇಕೋ ಆ ಬದಿಯ ಕಾಲು ಎದುರಾಳಿಯ ಹತ್ತಿರ ಊರಬೇಕು. ಕಾಲು ದೂರ ಉಳಿದರೆ ಮೈ ಚಾಚಿ ಹಾರಬೇಕಾಗುತ್ತೆ, ಹಾರಿದವನ ತಲೆ ಅವನ ಹತೋಟಿಯಲ್ಲಿರಲ್ಲ. ಭುಜ ತಾಗಬೇಕಾದ್ದು ತೊಡೆಯ ಮೇಲ್ಭಾಗಕ್ಕೆ. ಪಕ್ಕದಿಂದ ಹಿಡಿಯುವಾಗ ಕೆನ್ನೆ ಅವನ ಕುಂಡಿಗೆ ಒತ್ತಿರಬೇಕು, ಅಂದರೆ ತಲೆ ಅವನ ಬೆನ್ನ ಕಡೆ. ಅವನ ಮುಂದೆ ತಲೆ ಹಾಕಿದವನು ಕೆಳಗೆ ಸಿಕ್ಕು ಗೋಣು ಮುರಕೊಳ್ತಾನೆ. ಕೈ ಎರಡೂ ಸುತ್ತಿ ಬಿಗಿಯಬೇಕು. ಅವನು ನೆಲಕ್ಕೆ ಬಿದ್ದ ಕ್ಷಣ ಬಿಟ್ಟು ಏಳಬೇಕು. ಈ ಬಿಡೋದೇ ಕಬಡ್ಡಿ ಹುಡುಗರಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು! ಇನ್ನು ಭುಜದ ಗೆರೆಗಿಂತ ಮೇಲೆ ಹಿಡಿದರೆ ಪೆನಾಲ್ಟಿ, ಅಪಾಯ ಹೆಚ್ಚಿದ್ದರೆ ಕೆಂಪು ಕಾರ್ಡ್. ಕುಸ್ತಿಯಲ್ಲಿ ಗೋಣಿಗೆ ಕೈ ಹಾಕಿ ಬಗ್ಗಿಸೋ ರೂಢಿ ಇದ್ದವರು ಅದನ್ನು ಗರಡಿಯಲ್ಲೇ ಬಿಟ್ಟು ಬರಬೇಕು.

ಸ್ಕ್ರಮ್, ಅಂದರೆ ಎರಡೂ ತಂಡದವರು ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡೋದು, ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲ್ಲ. ನಮ್ಮ ಮಕ್ಕಳು ಆಡೋದು ಏಳು ಜನರ ಆಟ, ಅದರ ಸ್ಕ್ರಮ್‌ಗೆ ಒಂದೊಂದು ತಂಡದಿಂದ ಮೂವರೇ.

ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯೋ ಅಣ್ಣಂದಿರಿಗೆ. ಮಕ್ಕಳು ಭುಜ ಕೊಟ್ಟು ಹಿಡಿದು ಅಭ್ಯಾಸ ಮಾಡೋ ಟ್ಯಾಕಲ್ ಚೀಲಕ್ಕೆ ಮೊದಲು ಕಟ್ಟಿಗೆ ಹೊಟ್ಟು ತುಂಬಿದ್ದೆವು. ಎರಡೇ ವಾರಕ್ಕೆ ಹೊಟ್ಟು ತಳಕ್ಕೆ ಇಳಿದು ಕಲ್ಲಾಯ್ತು, ಮೇಲ್ಭಾಗ ಮಡಚಿಕೊಂಡಿತು, ಮಕ್ಕಳ ಭುಜ ಕಂದಿತು. ನಡುವೆ ಹಳೇ ಬಟ್ಟೆ ಬಿಗಿಯಾಗಿ ಸುತ್ತಿ, ಸುತ್ತಲೂ ನಾಲ್ಕು ಇಂಚು ಫೋಮ್ ಇಟ್ಟು, ಹೊರಗೆ ಎರಡು ಪದರ ತಾಡಪತ್ರಿ ಹೊಲಿಯೋಣ ಅಂದವರು ನೀವೇ. ತೂಕ ಇಪ್ಪತ್ತು ಕಿಲೋ ದಾಟಬಾರದು ಅಂತ ನಾವು ಕೇಳಿದ್ದಕ್ಕೆ ತಕ್ಕಡಿ ತಂದು ತೂಗಿಯೇ ಕೊಟ್ಟಿರಿ.

ಮೈದಾನ ನೋಡಿಕೊಳ್ಳೋ ಕಾಕಾ ಅವರಿಗೆ. ನಮ್ಮ ಎರಿ ಮಣ್ಣು ಬ್ಯಾಸಿಗ್ಯಾಗ ಬಿರಿದು ಪಾದ ಸಿಗುವಷ್ಟು ಸಂದು ಬಿಡುತ್ತೆ, ಮಳೆಗಾಲದಲ್ಲಿ ಬೂಟಿಗೆ ಸೇರುಗಟ್ಟಲೆ ಅಂಟುತ್ತೆ. ಕಾಕಾ ಬಿರುಕಿಗೆ ಮರಳು, ಕೆಂಪು ಮಣ್ಣು ಬೆರೆಸಿ ತುಂಬಿ, ಹಿಂದಿನ ಸಂಜೆಯೇ ನೀರು ಹೊಡೀತಾರೆ. ಬೆಳಿಗ್ಗೆ ಹಿಮ್ಮಡಿ ಒತ್ತಿ ನೋಡೋದು: ಅಚ್ಚು ಬಿದ್ದರೆ ಟ್ಯಾಕಲ್, ಬೀಳದಿದ್ದರೆ ಆವತ್ತು ಬರೀ ಪಾಸಿಂಗ್. ಅವರು ಬೇಡ ಅಂದ ದಿನ ನಾವು ಎದುರಾಡಿಲ್ಲ.

ಕಡೆಗೆ ತಾಯಂದಿರಿಗೆ. ತಲೆಗೆ ಪೆಟ್ಟು ಬಿತ್ತು ಅಂತ ಅನುಮಾನ ಬಂದರೆ ಆ ಮಗು ಅವತ್ತು ಮತ್ತೆ ಆಡಲ್ಲ, ಡಾಕ್ಟರು ನೋಡಬೇಕು. ಟಿ.ವಿ.ಯಲ್ಲಿ ಅಂತರರಾಷ್ಟ್ರೀಯ ಆಟಗಾರ ತಲೆಪೆಟ್ಟಿನ ಪರೀಕ್ಷೆಗೆ ಹೊರಗೆ ಹೋಗಿ 12 ನಿಮಿಷಕ್ಕೆ ವಾಪಸ್ ಬರೋದನ್ನು ನೋಡಿ ಮಕ್ಕಳು ವಾದ ಮಾಡ್ತಾರೆ. ಅಲ್ಲಿ ವೈದ್ಯರಿದ್ದಾರೆ, ವಿಡಿಯೊ ಇದೆ, ಸೀಸನ್ನಿಗೆ ಮೊದಲೇ ಬರೆದಿಟ್ಟ ಪರೀಕ್ಷೆಯ ಅಂಕಗಳಿವೆ. ನಮ್ಮಲ್ಲಿ ಅದ್ಯಾವುದೂ ಇಲ್ಲ, ಅದಕ್ಕೆ ಕನಿಷ್ಠ 21 ದಿನ ಪಂದ್ಯ ಇಲ್ಲ. ಮೊದಲು ಶಾಲೆ ಪಾಠ, ಆಮೇಲೆ ನಡಿಗೆ, ಹಗುರ ಓಟ, ಪಾಸಿಂಗ್. ಟ್ಯಾಕಲ್ ಎಲ್ಲಕ್ಕೂ ಕೊನೆಗೆ. ತಲೆನೋವು ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಮಗ ಹತ್ತನೇ ದಿನಕ್ಕೆ "ಆರಾಮಾಗೇನಿ ಅವ್ವಾ" ಅಂತ ಅತ್ತರೂ ಬೂಟು ಅಟ್ಟದ ಮೇಲೆ ಇಟ್ಟು ದಿನ ಎಣಿಸಿದವರು ನೀವು. ನಿಮ್ಮ ಮಾತು ಗಟ್ಟಿ ಇಲ್ಲದಿದ್ದರೆ ನಮ್ಮ ನಿಯಮ ಕಾಗದದ ಮೇಲೇ ಉಳೀತಿತ್ತು.

ಗಾದಿ ಅಣ್ಣಂದಿರೇ, ಎರಡು ಚೀಲದ ತಳದ ಹೊಲಿಗೆ ಮತ್ತೆ ಬಿಚ್ಚಿದೆ. ರವಿವಾರ ತರ್ತೇವೆ. ಈ ಸಲ ಕೂಲಿ ಬ್ಯಾಡ ಅನಬ್ಯಾಡ್ರಿ.