ಸೊಮಾಲಿಯಾದ ಬೆಳ್ಳಿ ಆನೆ: ಕೊಳ್ಳುವ ಮುನ್ನ

ಸದಸ್ಯರ ಗಮನಕ್ಕೆ. ಮ್ಯೂನಿಕ್‌ನ ಬವೇರಿಯಾ ಟಂಕಸಾಲೆ ಸೊಮಾಲಿಯಾಕ್ಕಾಗಿ ಅಚ್ಚುಹಾಕುವ ಒಂದು ಔನ್ಸ್ ಆನೆ ನಾಣ್ಯದ ತೂಕ 31.1 ಗ್ರಾಂ, ವ್ಯಾಸ 39 ಮಿ.ಮೀ., ಮುಖಬೆಲೆ 100 ಶಿಲಿಂಗ್. ಆನೆಯ ಚಿತ್ರ ವರ್ಷವರ್ಷವೂ ಬೇರೆ.

ನಾಣ್ಯ ಅಸಲಿ ಬೆಳ್ಳಿಯೇ ಎಂದು ತಿಳಿಯಲು ಅಯಸ್ಕಾಂತ ಹಿಡಿದು ನಂಬಬೇಡಿ, ಬೆಳ್ಳಿಯಂತೆ ತಾಮ್ರವೂ ಅಂಟುವುದಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ನಾಣ್ಯವನ್ನು ಪೂರ್ತಿ ಮುಳುಗಿಸಿ. ತಳ, ಗೋಡೆ ತಾಗಬಾರದು, ಗಾಳಿಗುಳ್ಳೆ ಕೂರಬಾರದು. ತಕ್ಕಡಿಯಲ್ಲಿ ಸುಮಾರು 2.97 ಗ್ರಾಂ ಬಂದರೆ ಬೆಳ್ಳಿ. ಅದೇ ತೂಕದ ತಾಮ್ರವಾದರೆ 3.5ರ ಹತ್ತಿರ. ಆಮೇಲೆ ಒರೆಸದೆ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ.

ಪಿವಿಸಿ ಕವರ್ ಬೇಡವೇ ಬೇಡ, ಹಸಿರು ಅಂಟು ಬಿಡುತ್ತದೆ. 39 ಮಿ.ಮೀ. ಕ್ಯಾಪ್ಸೂಲ್ (ನಾಣ್ಯ ಇಡುವ ಗಟ್ಟಿ ಪಾರದರ್ಶಕ ಡಬ್ಬಿ) ಸಾಕು. ಹಾಲಿನಂಥ ಬಿಳಿ ಕಲೆ ಕಂಡರೆ ಉಜ್ಜಬೇಡಿ: ಕಲೆ ಹೋಗದು, ಹೊಳಪು ಹೋಗುತ್ತದೆ.