ಹಿತ್ತಲ ಕೊಳದ ವಿಚಾರ

ಚಿ. ಸೌ. ವಿದ್ಯಾಳಿಗೆ ದೊಡ್ಡವ್ವನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಪತ್ರದ ಕೊನೆಯಲ್ಲಿ ಮಾತಿನ ನಡುವೆ ಮಾತು ಎಂಬಂತೆ ಬರೆದಿದ್ದೀಯಲ್ಲ: ಹಿತ್ತಲ ಕೊಳಕ್ಕೆ ದೊಡ್ಡದೊಂದು ಮೊಸಳೆ ಬಂದಿದೆ, ಪಕ್ಕದ ಮನೆಯ ಅಜ್ಜ ಅದಕ್ಕೆ ಕೋಳಿಯ ತುಂಡು ಎಸೆಯುತ್ತಾರೆ, ‘ಅದು ನಮಗೆಲ್ಲ ಒಗ್ಗಿಹೋಗಿದೆ, ಆದರೂ ಪುಟ್ಟಿ ಅತ್ತಲೇ ಓಡುವಾಗ ಎದೆ ಝಲ್ಲೆನ್ನುತ್ತದೆ’ ಎಂದು. ಓದಿದಂದಿನಿಂದ ಊಟ ಸೇರುತ್ತಿಲ್ಲ. ಫ್ಲೋರಿಡಾದಲ್ಲಿ ಮೊಸಳೆ ಇರುವುದು ನನಗೇನು ಹೊಸದಲ್ಲ. ಒಗ್ಗಿಹೋಗಿದೆ ಎಂದೆಯಲ್ಲ, ಅದೇ ಕೊರೆಯುತ್ತಿದೆ.

ನಿನ್ನ ಬಾಣಂತನಕ್ಕೆ ಬಂದಾಗ ಸೀರೆಯ ಕೆಳಗೆ ಬೂಟು ತೊಟ್ಟು ಆ ಕೊಳವನ್ನು ದಿನಾ ಸಂಜೆ ಸುತ್ತಿದವಳು ನಾನು. ಮನೆಗಳ ನೆಲ ಎತ್ತರಿಸಲು ಮಣ್ಣು ತೆಗೆದ ಗುಂಡಿ ಅದು, ಮಳೆನೀರು ನಿಲ್ಲಿಸಲೂ ಬೇಕು ಎಂದು ಅಳಿಯಂದಿರು ವಿವರಿಸಿದ್ದರು. ಗಾಲ್ಫ್ ಮೈದಾನದ ಶೋಭೆಗೆ ಇರುವ ನೀರೋ, ಕಾಡಿನ ನೀರೋ, ಮೊಸಳೆಗೆ ಏನು ಭೇದ? ಅಲಿಗೇಟರ್ ಎಂಬ ಜಾತಿಯ ಈ ಮೊಸಳೆಗಳು ಆ ರಾಜ್ಯದ 67 ಕೌಂಟಿಗಳಲ್ಲೂ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲೂ, ಇವೆಯಂತೆ, ಒಟ್ಟು ಸುಮಾರು 13 ಲಕ್ಷ. ಮೊಮ್ಮಗ ಕಂಪ್ಯೂಟರಿನಲ್ಲಿ ಓದಿ ಹೇಳಿದ. ಅಷ್ಟಿದ್ದರೂ ಮನುಷ್ಯರ ಮೇಲೆ ಬೀಳುವುದು ತೀರ ಅಪರೂಪ, ಅಜ್ಜಿ ಸುಮ್ಮನೆ ಹೆದರುತ್ತಾಳೆ ಎಂದೂ ಸೇರಿಸಿದ. ಇರಬಹುದು. 2016ರ ಜೂನ್‌ನಲ್ಲಿ ಡಿಸ್ನಿ ವಿಹಾರಧಾಮದ ಕೊಳದ ಅಂಚಿನಲ್ಲಿ ಆಡುತ್ತಿದ್ದ ಎರಡು ವರ್ಷದ ಮಗುವನ್ನು ಅಪ್ಪನ ಎದುರಿಗೇ ಎಳೆದುಕೊಂಡು ಹೋಯಿತಲ್ಲ? ಅಲ್ಲಿ ಈಜಬೇಡಿ ಎಂಬ ಫಲಕವಿತ್ತು, ಮೊಸಳೆಯ ಮಾತೇ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಫೋರ್ಟ್ ಪಿಯರ್ಸ್‌ನಲ್ಲಿ ನಾಯಿಯೊಂದಿಗೆ ಮನೆಯ ಬಳಿಯ ಕೊಳದ ದಂಡೆಯಲ್ಲಿ ನಡೆಯುತ್ತಿದ್ದ 85 ವರ್ಷದ ಹೆಂಗಸು ಸತ್ತಳು. ನಾನು ಸುತ್ತುತ್ತಿದ್ದಂಥದೇ ಕೊಳ.

ಕೃಷ್ಣೆಯ ದಂಡೆಯ ನಮ್ಮ ಊರು ನಿನಗೆ ಗೊತ್ತು, ಆ ಮೊಸಳೆ ಗೊತ್ತಿಲ್ಲ. ಚಳಿಗಾಲದ ಬಿಸಿಲಿಗೆ ಎದುರಿನ ಮರಳದಿಬ್ಬದ ಮೇಲೆ ಬಾಯಿ ತೆರೆದು ಮಲಗಿರುತ್ತಿತ್ತು. ನಾವು ಬಟ್ಟೆ ಒಗೆಯುತ್ತಿದ್ದೆವು, ಅದು ಮಲಗಿರುತ್ತಿತ್ತು. ಕೆಲವರು ಕೈಮುಗಿಯುತ್ತಿದ್ದರು. ಒಂದು ಬೇಸಿಗೆ ನೀರು ಇಳಿದಾಗ ನಮ್ಮ ಓಣಿಯ ಎಮ್ಮೆ ಕಾಯುವ ಹುಡುಗನ ಕಾಲು ಹೋಯಿತು. ಅವನೂ ಒಗ್ಗಿದೆ ಎಂದೇ ನಂಬಿದ್ದವನು. ಗಜೇಂದ್ರನ ಕಥೆಯಲ್ಲಿ ಆನೆಯನ್ನು ಬಿಡಿಸಲು ವಿಷ್ಣುವೇ ಬರಬೇಕಾಯಿತು. ಇವನಿಗೆ ಯಾರು ಬರಬೇಕು?

ಆಮೇಲೆ ಅಪ್ಪ ನನ್ನನ್ನು ಹೊಳೆಗೆ ಬಿಡಲಿಲ್ಲ, ನಾನು ನನ್ನ ಮಕ್ಕಳನ್ನು ಬಿಡಲಿಲ್ಲ. ಹೊಳೆಯ ದಂಡೆಯಲ್ಲೇ ಬೆಳೆದ ಮೂವರಿಗೂ ಈಜು ಬರುವುದಿಲ್ಲ. ಹಿರಿಯವಳು ಈಗಲೂ ಪ್ರವಾಸಕ್ಕೆ ಹೋದರೆ ದೋಣಿ ಹತ್ತುವುದಿಲ್ಲ. ಆಗ ಇಷ್ಟು ಹೆದರಿಸಬಾರದಿತ್ತು ಎಂದು ಈ ವಯಸ್ಸಿನಲ್ಲಿ ಅನಿಸುತ್ತದೆ. ಪುಟ್ಟಿಯನ್ನು ಬಾಗಿಲು ಹಾಕಿ ಕೂರಿಸು ಎನ್ನಲು ಈ ಕಾಗದ ಬರೆಯುತ್ತಿಲ್ಲ. ಅವಳಿಗೆ ಈಜು ಕಲಿಸು, ಈಜುಕೊಳದಲ್ಲಿ.

ಆದರೆ ಆ ಅಜ್ಜನ ಕೋಳಿ ನಿಲ್ಲಲೇಬೇಕು. ಮೊಸಳೆ ತಾನಾಗಿ ಮನುಷ್ಯರಿಂದ ದೂರ ಸರಿಯುವ ಪ್ರಾಣಿ. ತುಂಡು ಎಸೆದರೆ ದಂಡೆಗೆ ಬಂದವರೆಲ್ಲ ಊಟ ತಂದವರೇ ಎಂದು ಕಲಿಯುತ್ತದೆ, ಮೂರಡಿಯ ಪುಟ್ಟಿಯೂ ಸೇರಿ. ಹಾಗೆ ತಿನ್ನಿಸುವುದು ಅಲ್ಲಿ ಅಪರಾಧ ಕೂಡ. ಸರ್ಕಾರದ ವನ್ಯಜೀವಿ ಆಯೋಗಕ್ಕೆ ಫೋನ್ ಮಾಡಿದರೆ, ನಾಲ್ಕಡಿ ಮೀರಿದ, ಅಪಾಯ ಎನಿಸಿದ ಮೊಸಳೆಯನ್ನು ಹಿಡಿಯಲು ಜನ ಕಳುಹಿಸುತ್ತಾರೆ. ಬೇರೆಡೆ ಬಿಟ್ಟರೆ ಹಳೆಯ ಜಾಗಕ್ಕೇ ತಿರುಗಿ ಬರಲು ನೋಡುತ್ತದೆಂದು ಸಾಮಾನ್ಯವಾಗಿ ಕೊಂದುಬಿಡುತ್ತಾರಂತೆ. ಪಾಪ, ಅದಕ್ಕೂ ಸಂಕಟವಾಗುತ್ತದೆ. ಪ್ರೀತಿಯಿಂದ ಎಸೆದ ಕೋಳಿಯೇ ಅದರ ಜೀವ ತೆಗೆದಂತಾಯಿತು.

ಅಳಿಯಂದಿರಿಗೆ ನಾನು ಹೇಳುವುದು ಚೆನ್ನಾಗಿರುವುದಿಲ್ಲ, ನೀನೇ ಹೇಳು: ಚೆಂಡು ನೀರಿನಂಚಿಗೆ ಉರುಳಿದರೆ ಹೋಗಲಿ, ಬಿಟ್ಟುಬಿಡಲಿ. ನೀರ ಮೇಲೆ ಎರಡು ಕಣ್ಣಿನ ಗುಬುಟು, ಮುಂದೆ ಮೂಗಿನ ತುದಿ, ಇಷ್ಟೇ ಕಾಣುತ್ತದೆ. ಕಣ್ಣಿಗೂ ಮೂಗಿಗೂ ನಡುವೆ ಎಷ್ಟು ಅಂಗುಲವೋ ಮೈ ಸುಮಾರು ಅಷ್ಟು ಅಡಿ ಎಂದು ಲೆಕ್ಕ. ಕತ್ತಲಾದ ಮೇಲೆ ಕೊಳದ ಕಡೆಗೆ ಯಾರೂ ಬೇಡ. ಈಗ ಏಪ್ರಿಲ್, ಅವು ಜೊತೆ ಹುಡುಕಿಕೊಂಡು ಹೆಚ್ಚು ಓಡಾಡುವ ಕಾಲ ಬೇರೆ. ನಾಯಿಮರಿ ತರುವ ಯೋಚನೆ ಇದ್ದರೆ, ಅದರ ಹಗ್ಗ ಕೈಯಲ್ಲಿರಲಿ, ನೀರಿನಿಂದ ದೂರ ನಡೆಸಿ. ಹಿತ್ತಲಿಗೆ ಬೇಲಿ ಹಾಕಲು ನಿಮ್ಮ ಬಡಾವಣೆಯ ಸಂಘದವರು ಒಪ್ಪುತ್ತಾರೋ ಏನೋ, ಕೇಳಿ ನೋಡು.

ಅಜ್ಜನ ಮುಂದೆ ಮಾತೆತ್ತಲು ಸಂಕೋಚವಾದರೆ ನನ್ನ ಹೆಸರು ಹೇಳು. ಮರೆತಿರಲಾರರು, ನಾನು ತಂದಿದ್ದ ಅಮೀನಗಡದ ಕರದಂಟಿನಲ್ಲಿ ಅರ್ಧ ಡಬ್ಬಿ ಅವರೇ ಖಾಲಿ ಮಾಡಿದ್ದರು.

ಇಂತಿ ನಿನ್ನ
ದೊಡ್ಡವ್ವ