ಬೆಂಚಿನಿಂದ ಕಂಡ ಆಟ

ಪ್ರಿಯ ಕನ್ನಡ ಬಂಧುಗಳೇ,

ಕಳೆದ ಶನಿವಾರ ಕನ್ನಡ ತರಗತಿ ಮುಗಿದ ಮೇಲೆ, ನಾವು ಬಾಡಿಗೆಗೆ ಪಡೆದಿರುವ ಶಾಲೆಯ ಒಳಾಂಗಣದಲ್ಲಿ ಮಕ್ಕಳು ಎಂದಿನಂತೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಈ ರಾಜ್ಯೋತ್ಸವ ಸಂಚಿಕೆಯ ಕರಡು ತಿದ್ದುತ್ತಿದ್ದೆ. ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕುಳಿತ ಒಂಬತ್ತು ವರ್ಷದ ಹುಡುಗನೊಬ್ಬ, "ಆಂಟಿ, ಸ್ಟೀವ್ ಕೆರ್ ಮೊದಲು ಆಡ್ತಿದ್ರಂತೆ. ಈಗ ಬರೀ ನಿಂತ್ಕೊಂಡು ನೋಡ್ತಾರಲ್ಲ, ಅವ್ರಿಗೆ ಬೇಜಾರಾಗಲ್ವಾ?" ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವನನ್ನು ಯಾರೋ ಕೂಗಿ ಕರೆದರು, ಅವನು ಓಡಿದ. ನಾಳೆ ಬೆಳಿಗ್ಗೆ ಸಂಚಿಕೆ ಮುದ್ರಣಕ್ಕೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಬರೆಯಬೇಕೆಂದು ಕುಳಿತವಳಿಗೆ ಈ ಪ್ರಶ್ನೆ ಬಿಟ್ಟು ಬೇರೇನೂ ತೋಚದ ಕಾರಣ, ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸ್ಟೀವ್ ಕೆರ್ ಎಂದರೆ ಇಲ್ಲಿನ ವಾರಿಯರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್, ಅಷ್ಟೇ. ಅವರು ಹುಟ್ಟಿದ್ದು 1965ರಲ್ಲಿ, ಲೆಬನಾನಿನ ಬೈರೂತ್ ನಗರದಲ್ಲಿ. ತಂದೆ ಮಾಲ್ಕಮ್ ಕೆರ್ ಅರಬ್ ಜಗತ್ತಿನ ರಾಜಕೀಯವನ್ನು ಆಳವಾಗಿ ಬಲ್ಲ ವಿದ್ವಾಂಸರು. ಮಗನ ಬಾಲ್ಯ ಲಾಸ್ ಏಂಜಲೀಸ್, ಕೈರೋ, ಬೈರೂತ್ ಎಂದು ಹಂಚಿಹೋಗಿತ್ತು. 1982ರಲ್ಲಿ ಮಾಲ್ಕಮ್ ಅವರು ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 1984ರ ಜನವರಿ 18ರಂದು ತಮ್ಮ ಕಚೇರಿಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಆಗ ಸ್ಟೀವ್ ಅರಿಜೋನಾ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿ, ವಯಸ್ಸು ಹದಿನೆಂಟು. ಸುದ್ದಿ ತಿಳಿದದ್ದು ಅಪರಾತ್ರಿಯಲ್ಲಿ ಬಂದ ಫೋನಿನಿಂದ. ಆ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಎದೆ ಹೇಗಾಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಎರಡು ದಿನಗಳ ನಂತರ ಅರಿಜೋನಾ ಸ್ಟೇಟ್ ವಿರುದ್ಧ ಪಂದ್ಯವಿತ್ತು. ಆರಂಭಕ್ಕೆ ಮುನ್ನ ಮೌನಾಚರಣೆ ನಡೆಯುವಾಗ ಹುಡುಗ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಅಂಕಣಕ್ಕೆ ಇಳಿದು 12 ಅಂಕ ಗಳಿಸಿದ. ನಾಲ್ಕು ವರ್ಷಗಳ ಬಳಿಕ ಅದೇ ಎದುರಾಳಿಗಳ ಊರಿನಲ್ಲಿ ಕೆಲವು ಪ್ರೇಕ್ಷಕರು ತಂದೆಯ ಸಾವನ್ನೇ ಎತ್ತಿ ಅವರನ್ನು ಹಂಗಿಸಿದಾಗ, ಮೊದಲಾರ್ಧದಲ್ಲೇ, ದೂರದ ಗೆರೆಯಾಚೆಯಿಂದ ಎಸೆದರೆ ಮೂರು ಅಂಕ ತರುವ ಆರು ಚೆಂಡುಗಳನ್ನು ಬುಟ್ಟಿಗೆ ಹಾಕಿದರು. ಈ ನಡುವೆ 1986ರಲ್ಲಿ ಸ್ಪೇನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು ಒಂದು ಇಡೀ ಋತುವನ್ನು ಕಳೆದುಕೊಂಡಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ.

ಎತ್ತರ ಆರು ಅಡಿ ಮೂರು ಅಂಗುಲ, ಓಟ ಸಾಧಾರಣ. 1988ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಅವರ ಹೆಸರು ಬಂದದ್ದು ಐವತ್ತನೆಯದಾಗಿ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಹದಿನೈದು ಋತುಗಳು, 910 ಪಂದ್ಯಗಳು, ಪಂದ್ಯಕ್ಕೆ ಸರಾಸರಿ 6 ಅಂಕ. ಬಹುಪಾಲು ಪಂದ್ಯಗಳಿಗೆ ಇಳಿದದ್ದು ಬೆಂಚಿನಿಂದ, ಬದಲಿ ಆಟಗಾರನಾಗಿ. ಆದರೆ ಮೂರಂಕದ ಗೆರೆಯಾಚೆಯಿಂದ ಎಸೆದ ಚೆಂಡುಗಳಲ್ಲಿ ಶೇಕಡಾ 45.4ರಷ್ಟು ಬುಟ್ಟಿಗೆ ಬಿದ್ದವು. ಲೀಗಿನ ಇತಿಹಾಸದಲ್ಲಿ, ಲೆಕ್ಕಕ್ಕೆ ಬರುವಷ್ಟು ಎಸೆತಗಳಿರುವವರಲ್ಲಿ ಅದಕ್ಕಿಂತ ಹೆಚ್ಚಿನ ಪ್ರಮಾಣ ಯಾರದೂ ಇಲ್ಲ. ಷಿಕಾಗೊ ಬುಲ್ಸ್ ಜೊತೆ 1996, 1997, 1998ರಲ್ಲಿ, ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ 1999, 2003ರಲ್ಲಿ ಪ್ರಶಸ್ತಿ ಗೆದ್ದರು.

1997ರ ಫೈನಲ್ಸ್‌ನ ಆರನೆಯ ಪಂದ್ಯವನ್ನು, ಪ್ರಶ್ನೆ ಕೇಳಿದ ಹುಡುಗನಿಗೆ ಒಮ್ಮೆ ತೋರಿಸಬೇಕು. ಅಂಕ 86–86, ಉಳಿದಿರುವುದು ಕೆಲವೇ ಸೆಕೆಂಡು. ಕೊನೆಯ ಎಸೆತ ಬುಲ್ಸ್ ತಂಡದ ತಾರೆ ಮೈಕೆಲ್ ಜೋರ್ಡನ್ ಅವರದೇ ಎಂದು ಇಡೀ ಕ್ರೀಡಾಂಗಣಕ್ಕೆ ಗೊತ್ತು. ಯೂಟಾದ ಇಬ್ಬರು ಜೋರ್ಡನ್ ಮೇಲೆ ಮುಗಿಬೀಳುತ್ತಾರೆ, ಚೆಂಡು ಒಂಟಿಯಾಗಿ ನಿಂತಿದ್ದ ಕೆರ್ ಕೈಗೆ ಬರುತ್ತದೆ, ಅವರು ಒಂದು ಕ್ಷಣವೂ ತಡೆಯದೆ ಎಸೆಯುತ್ತಾರೆ. ಪ್ರಶಸ್ತಿ ಬಂದದ್ದು ಆ ಎಸೆತದಿಂದ. 2003ರಲ್ಲಿ ಡಲ್ಲಾಸ್ ವಿರುದ್ಧವೂ ಹೀಗೆಯೇ ಆಯಿತು. ಆ ಸರಣಿಯಲ್ಲಿ ಹೆಚ್ಚುಕಡಿಮೆ ಬೆಂಚಿನಲ್ಲೇ ಕುಳಿತಿದ್ದ ಮೂವತ್ತೇಳು ವರ್ಷದ ಕೆರ್, ತಂಡ ಹಿಂದೆ ಬಿದ್ದಿದ್ದಾಗ ಎದ್ದು ಬಂದು ನಾಲ್ಕಕ್ಕೆ ನಾಲ್ಕೂ ಮೂರಂಕಗಳನ್ನು ಹೊಡೆದರು.

ಬೆಂಚಿನಲ್ಲಿ ಕುಳಿತವರು ಏನು ಮಾಡುತ್ತಾರೆ ಎಂಬುದನ್ನು ನಾನು ಕಲಿತದ್ದು ತಿಪಟೂರಿನಲ್ಲಿ. ನಮ್ಮ ಹೈಸ್ಕೂಲಿನ ಹಿಂದೆ, ತೆಂಗಿನ ತೋಟದ ಬೇಲಿಗೆ ಅಂಟಿಕೊಂಡಂತೆ, ಮಣ್ಣಿನ ಅಂಕಣವೊಂದಿತ್ತು. ಪಂದ್ಯದ ದಿನ ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಗೆರೆಯೆಲ್ಲ ನಮ್ಮ ಪಾದಗಳಿಗೆ ಮೆತ್ತಿಕೊಂಡಿರುತ್ತಿತ್ತು. ಕಬ್ಬಿಣದ ರಿಂಗಿಗೆ ಬಲೆ ಇರಲಿಲ್ಲವಾದ್ದರಿಂದ ಚೆಂಡು ಒಳಗಿನಿಂದ ಬಿತ್ತೋ ಪಕ್ಕದಿಂದ ಹೋಯಿತೋ ಎಂಬ ಜಗಳ ಪ್ರತಿ ಪಂದ್ಯದಲ್ಲೂ ಇದ್ದದ್ದೇ. ಇದ್ದ ಒಂದೇ ಚೆಂಡು ಸವೆದು ಸವೆದು ಹುಣಸೆ ಬೀಜದಂತೆ ನುಣುಪಾಗಿತ್ತು. ನಾನು ತಂಡದ ಒಂಬತ್ತನೆಯ ಹುಡುಗಿ. ಮೇಷ್ಟ್ರು ನನ್ನ ಕೈಗೆ ಗೆರೆ ಹಾಕಿದ ನೋಟ್‌ಬುಕ್ ಕೊಟ್ಟು, "ಸುಮ್ನೆ ಕೂತ್ಕೋಬೇಡ ಕಣಮ್ಮ, ಆಟ ನೋಡು, ಬರಿ" ಎನ್ನುತ್ತಿದ್ದರು. ತಾಲ್ಲೂಕು ಮಟ್ಟದ ಪಂದ್ಯವೊಂದರ ವಿರಾಮದಲ್ಲಿ, ಬೆವರೊರೆಸಿಕೊಳ್ಳುತ್ತಿದ್ದ ಐದು ಮಂದಿಯನ್ನು ಬಿಟ್ಟು ನೇರವಾಗಿ ನನ್ನ ಬಳಿಗೆ ಬಂದು, "ಅವರ ಎತ್ತರದ ಹುಡುಗಿ ಯಾವ ಕಡೆಗೆ ತಿರುಗ್ತಾಳೆ?" ಎಂದು ಕೇಳಿದರು. "ಯಾವಾಗ್ಲೂ ಬಲಗಡೆಗೇ ಸಾರ್" ಎಂದೆ. ದ್ವಿತೀಯಾರ್ಧದಲ್ಲಿ ನಮ್ಮವರು ಅವಳ ಬಲಬದಿಯನ್ನು ಕಟ್ಟಿಹಾಕಿದರು. ನಾನು ಆ ದಿನ ಒಂದು ನಿಮಿಷವೂ ಆಡಲಿಲ್ಲ, ಆದರೂ ಬಸ್ಸಿನಲ್ಲಿ ಮರಳುವಾಗ ಮೇಷ್ಟ್ರು ಎಲ್ಲರಿಗಿಂತ ಮೊದಲು ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗೆ ಇಟ್ಟರು. ಅವರು ತೀರಿಕೊಂಡ ಸುದ್ದಿ ಹೋದ ವರ್ಷ ವಾಟ್ಸಾಪಿನಲ್ಲಿ ಬಂತು. ಆ ನೋಟ್‌ಬುಕ್ ಅಮ್ಮನ ಮನೆಯ ಅಟ್ಟದ ಮೇಲೆ ಇನ್ನೂ ಇರಬಹುದು.

ಆದ್ದರಿಂದಲೇ ಏನೋ, ಕೋಚ್ ಕೆರ್ ಅವರ ಸಾಧನೆಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು 2015–16ರ 73 ಗೆಲುವುಗಳ ದಾಖಲೆಯಲ್ಲ, ಅದರ ಹಿಂದಿನ ವರ್ಷದ ಒಂದು ನಿರ್ಧಾರ. 2014ರಲ್ಲಿ ಅವರು ವಾರಿಯರ್ಸ್ ತಂಡಕ್ಕೆ ಬಂದಾಗ, ಅದಕ್ಕೂ ಮುನ್ನ ಮುಖ್ಯ ಕೋಚ್ ಆಗಿ ಒಂದು ಪಂದ್ಯವನ್ನೂ ನಡೆಸಿದವರಲ್ಲ. ದೂರದರ್ಶನದಲ್ಲಿ ವೀಕ್ಷಕ ವಿವರಣೆ ನೀಡಿದ್ದರು, ಫೀನಿಕ್ಸ್ ತಂಡದ ಆಡಳಿತ ನೋಡಿಕೊಂಡಿದ್ದರು. ವಾರಿಯರ್ಸ್ ಆಟಗಾರರು ಲೀಗಿನಲ್ಲೇ ಅತಿ ಕಡಿಮೆ ಪಾಸ್ ಕೊಡುವವರಾಗಿದ್ದುದನ್ನು ಗಮನಿಸಿ, ಪಂದ್ಯಕ್ಕೆ 300 ಪಾಸ್ ಆಗಬೇಕೆಂದು ಗುರಿ ಇಟ್ಟರು. ಅಲ್ಲಿಯವರೆಗೆ ಆಡಿದ ಪ್ರತಿ ಪಂದ್ಯವನ್ನೂ ಆರಂಭದಿಂದಲೇ ಆಡಿದ್ದ ಆಂಡ್ರೆ ಇಗ್ವಾಡಾಲ ಅವರನ್ನು ಬೆಂಚಿಗೆ ಕಳುಹಿಸಿದರು. ಬೆಂಚಿನ ಬೇಸರವನ್ನೂ ಬೆಲೆಯನ್ನೂ ಬಲ್ಲವರು ಕೇಳಿಕೊಂಡಾಗ ಮಾತ್ರ ಅಂಥದ್ದಕ್ಕೆ ಒಪ್ಪಿಗೆ ಸಿಗುತ್ತದೆ ಎಂದು ನನ್ನ ನಂಬಿಕೆ. ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ 2–1ರಿಂದ ಮುಂದಿದ್ದಾಗ, ಇಗ್ವಾಡಾಲ ಅವರನ್ನು ಮೊದಲ ಐವರಲ್ಲಿ ಇಳಿಸಿ ಎಂದು ಸೂಚಿಸಿದವರು ಹಿರಿಯ ಸಹಾಯಕರಾರೂ ಅಲ್ಲ, ಹಳೆಯ ಪಂದ್ಯಗಳ ವಿಡಿಯೊ ನೋಡುತ್ತಿದ್ದ ನಿಕ್ ಯುರೆನ್ ಎಂಬ 28 ವರ್ಷದ ಯುವಕ. ಕೆರ್ ಆ ಮಾತನ್ನು ಕೇಳಿದರು. ಮುಂದಿನ ಮೂರೂ ಪಂದ್ಯಗಳನ್ನು ಗೆದ್ದು ವಾರಿಯರ್ಸ್ ನಲವತ್ತು ವರ್ಷಗಳ ನಂತರ ಪ್ರಶಸ್ತಿ ಪಡೆಯಿತು. ಇಗ್ವಾಡಾಲ ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು. ಆ ಯೋಚನೆ ಯಾರದೆಂದು ಕೆರ್ ಎಲ್ಲರೆದುರು ಹೆಸರು ಹಿಡಿದು ಹೇಳಿದರು.

ಮುಂದಿನ ಋತುವಿನ ಮೊದಲ 43 ಪಂದ್ಯಗಳಿಗೆ, ಬೆನ್ನಿನ ಶಸ್ತ್ರಚಿಕಿತ್ಸೆಯ ತೊಡಕುಗಳಿಂದಾಗಿ, ಅವರು ಬರಲಾಗಲಿಲ್ಲ. ಸಹಾಯಕರಾಗಿದ್ದ ಲ್ಯೂಕ್ ವಾಲ್ಟನ್ ತಂಡವನ್ನು ನಡೆಸಿದರು, 39 ಪಂದ್ಯಗಳನ್ನು ಗೆದ್ದುಕೊಟ್ಟರು. 2018ರ ಫೆಬ್ರುವರಿಯಲ್ಲಿ ಫೀನಿಕ್ಸ್ ವಿರುದ್ಧದ ಪಂದ್ಯದಲ್ಲಂತೂ ಕೆರ್ ಟೈಮ್‌ಔಟ್‌ಗಳಲ್ಲಿ ಆಟದ ಯೋಜನೆ ಬರೆಯುವ ಹಲಗೆಯನ್ನು ಆಟಗಾರರ ಕೈಗೇ ಕೊಟ್ಟು ಪಕ್ಕಕ್ಕೆ ನಿಂತರು. ಇದು ಎದುರಾಳಿಗಳಿಗೆ ಅಗೌರವ ಎಂದು ಆಕ್ಷೇಪ ಬಂದಾಗ, ತಂಡ ಆಟಗಾರರದು, ಹೊಣೆಯೂ ಅವರದಾಗಬೇಕು ಎಂಬ ಅರ್ಥದ ಉತ್ತರ ಕೊಟ್ಟರು. ಆ ಪಂದ್ಯವನ್ನು 46 ಅಂಕಗಳಿಂದ ಗೆದ್ದರು. 2017, 2018, 2022ರ ಪ್ರಶಸ್ತಿಗಳೂ 2024ರ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಎಲ್ಲರಿಗೂ ತಿಳಿದದ್ದೇ. 2019–20ರಲ್ಲಿ ಕೇವಲ 15 ಪಂದ್ಯ ಗೆದ್ದು ಲೀಗಿನ ತಳದಲ್ಲಿ ನಿಂತದ್ದೂ ಇದೇ ತಂಡ, ಇದೇ ಕೋಚ್.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯಲ್ಲಿ ಶಾಲಾ ಮಕ್ಕಳ ಮೇಲೆ ಗುಂಡು ಹಾರಿದ ಸಂಜೆ, ಅವರು ಪತ್ರಕರ್ತರೆದುರು ಆಟದ ಮಾತನ್ನೇ ಎತ್ತಲಿಲ್ಲ. ಮೇಜು ಗುದ್ದಿ, ಇನ್ನೆಷ್ಟು ಕಾಲ ಹೀಗೆ ಎಂದು ಕೇಳಿ, ಎದ್ದು ಹೋದರು. ಅಂದು ಅಲ್ಲಿ ಕುಳಿತಿದ್ದವರು, ತಂದೆಯನ್ನು ಗುಂಡಿಗೆ ಕಳೆದುಕೊಂಡ ಹದಿನೆಂಟು ವರ್ಷದ ಆ ಹುಡುಗನೇ ಎಂದು ನನಗೆ ಅನ್ನಿಸಿತ್ತು.

ಇನ್ನು ಪ್ರಕಟಣೆಗಳು. ರಾಜ್ಯೋತ್ಸವ ಸಮಾರಂಭ ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ 3ಕ್ಕೆ. ಮಕ್ಕಳ ನಾಟಕದ ತಾಲೀಮು ಅದರ ಹಿಂದಿನ ಎರಡೂ ಭಾನುವಾರ, ಪೋಷಕರು ದಯವಿಟ್ಟು ಸಮಯಕ್ಕೆ ಕರೆತರಬೇಕು. ಬಿಸಿಬೇಳೆಬಾತ್ ಮತ್ತು ಕೋಸಂಬರಿ ತಯಾರಿಗೆ ಆರು ಜನ ಬೇಕಾಗಿದ್ದಾರೆ, ಈವರೆಗೆ ಹೆಸರು ಕೊಟ್ಟವರು ಇಬ್ಬರು. ಸದಸ್ಯತ್ವದ ನವೀಕರಣಕ್ಕೆ ಡಿಸೆಂಬರ್ ಕೊನೆಯ ದಿನ. ಸಂಕ್ರಾಂತಿ ಸಂಚಿಕೆಗೆ ಲೇಖನಗಳನ್ನು ಡಿಸೆಂಬರ್ 10ರೊಳಗೆ ಕಳುಹಿಸಿ.

ಏಳು ವರ್ಷಗಳಿಂದ ಈ ಪತ್ರಿಕೆಯ ಪುಟವಿನ್ಯಾಸ ಮಾಡಿಕೊಟ್ಟ ದಂಪತಿಗಳು ಈ ತಿಂಗಳು ಶಿವಮೊಗ್ಗಕ್ಕೆ ಮರಳುತ್ತಿದ್ದಾರೆ. ಅವರಿಗೆ ನಮ್ಮೆಲ್ಲರ ಪ್ರೀತಿಯ ಬೀಳ್ಕೊಡುಗೆ. ಸಂಪಾದಕ ಸಮಿತಿಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ರಾತ್ರಿ ಒಂದೂವರೆಯವರೆಗೆ ಕುಳಿತು ಇದನ್ನು ಮುಗಿಸುತ್ತಿದ್ದೇನೆ, ಇನ್ನೊಂದು ವರ್ಷ ಹೀಗೆ ಒಬ್ಬಳೇ ನಡೆಸಲು ನನ್ನಿಂದ ಆಗದು. ಕನ್ನಡದಲ್ಲಿ ಟೈಪ್ ಮಾಡಬಲ್ಲವರು, ಕರಡು ತಿದ್ದಬಲ್ಲವರು, ಕಾಲೇಜಿಗೆ ಹೋಗುವ ಮಕ್ಕಳಾದರೂ ಸರಿ, ಮುಂದೆ ಬನ್ನಿ. ನನಗೆ ಗೊತ್ತಿರುವುದನ್ನೆಲ್ಲ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತೇನೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಬಾಗಿಲು ತೆರೆಯುವವಳು ನಾನೇ. ಮಕ್ಕಳು ಆಡುವಾಗ ಅದೇ ಬೆಂಚಿನ ಮೇಲೆ ಇರುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗನಿಗಾಗಿ ಗೆರೆ ಹಾಕಿದ ಹೊಸ ನೋಟ್‌ಬುಕ್ ಒಂದನ್ನು ತೆಗೆದಿಟ್ಟಿದ್ದೇನೆ.

ನಿಮ್ಮ,
ಸಂಪಾದಕಿ